ಗಾಳಿಯೇ ಇಲ್ಲಿನ ಘಟ್ಟ: ವಿಜಯಪುರದ ಸೈಕಲ್ ರಸಿಕರಿಗೊಂದು ಕೈಪಿಡಿ

ರೋಡ್ ಸೈಕ್ಲಿಂಗ್ ಸ್ಪರ್ಧೆ ನೋಡಲು ಬಂದ ಹೊಸಬರು ಸಾಮಾನ್ಯವಾಗಿ ಮುಕ್ತಾಯದ ಗೆರೆಯ ಹತ್ತಿರ ಜಾಗ ಹಿಡಿಯುತ್ತಾರೆ. ಎರಡು ತಾಸು ಬಿಸಿಲಲ್ಲಿ ನಿಂತ ಮೇಲೆ ಒಂದು ಗುಂಪು ಸೊಂಯ್ ಎಂದು ಹಾದುಹೋಗುತ್ತದೆ, ಯಾರೋ ಒಬ್ಬ ಕೈ ಎತ್ತುತ್ತಾನೆ, ಮುಗಿಯಿತು. ‘ಇಷ್ಟಕ್ಕೇ ಇಷ್ಟೊತ್ತು ಕಾಯ್ದೆವಾ?’ ಎಂದು ಗೊಣಗುತ್ತ ಹೊರಟವರದು ತಪ್ಪಿಲ್ಲ. ಸ್ಪರ್ಧೆಯ ತೀರ್ಮಾನವಾದದ್ದು ಅದಕ್ಕೂ ಮೂವತ್ತು ಕಿಲೋಮೀಟರ್ ಹಿಂದೆ, ಯಾವುದೋ ಜೋಳದ ಹೊಲದ ಪಕ್ಕದ ತಿರುವಿನಲ್ಲಿ. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ವಿಜಯಪುರಕ್ಕೆ ಈ ಆಟ ಹೊಸದಲ್ಲ. ವಿಜಯಪುರ–ಬಾಗಲಕೋಟೆ ಅವಳಿ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗ್ ತಂಡಕ್ಕೆ ದಶಕಗಳಿಂದ ಹುಡುಗ ಹುಡುಗಿಯರನ್ನು ಕೊಡುತ್ತ ಬಂದಿವೆ. ಎರಡೂ ಊರುಗಳಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯಗಳಿವೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರೋಡ್ ಸೈಕ್ಲಿಂಗ್ ಚಾಂಪಿಯನ್‌ಶಿಪ್ ನಡೆದದ್ದೂ ವಿಜಯಪುರದಲ್ಲಿಯೇ. ನಗರದಲ್ಲಿ ವೆಲೋಡ್ರೋಮ್ (ಸೈಕಲ್ ಓಟದ ಟ್ರ್ಯಾಕ್) ಕಟ್ಟುವ ಕೆಲಸ ವರ್ಷಗಟ್ಟಲೆ ಕುಂಟುತ್ತ ಸಾಗಿತು. ಅಷ್ಟೂ ಕಾಲ ಸವಾರರು ತಯಾರಾದದ್ದು ಲಾರಿ, ಬಸ್ಸು, ಎಮ್ಮೆಗಳ ನಡುವಿನ ಡಾಂಬರು ರಸ್ತೆಯ ಮೇಲೆ. ಜಾತ್ರೆಗಳಲ್ಲಿ ಬಂಡಿ ಶರ್ಯತ್ತಿನ ಹಾಗೆ ಸೈಕಲ್ ಶರ್ಯತ್ತು ಇಡುವ ರೂಢಿಯೂ ಈ ಸೀಮೆಯಲ್ಲಿದೆ. ಇಷ್ಟಿದ್ದರೂ ನೋಡುಗರಲ್ಲಿ ಹೆಚ್ಚಿನವರು ಇದನ್ನು ಕಾಲಿನ ಕಸುವಿನ ಆಟವೆಂದೇ ತಿಳಿದಿದ್ದಾರೆ. ಕಸುವು ಬೇಕು, ಸರಿ. ಆದರೆ ಆಟ ನಡೆಯುವುದು ಗಾಳಿಯ ಜೊತೆ.

ಸಮತಟ್ಟಾದ ರಸ್ತೆಯಲ್ಲಿ ತಾಸಿಗೆ 40 ಕಿ.ಮೀ. ವೇಗದಲ್ಲಿ ಒಬ್ಬನೇ ಹೋಗುವ ಸವಾರನ ಶ್ರಮದಲ್ಲಿ ಹತ್ತಕ್ಕೆ ಎಂಟೊಂಬತ್ತು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಮುಂದಿನವನ ಹಿಂದಿನ ಗಾಲಿಗೆ ಗೇಣುದ್ದ ದೂರದಲ್ಲಿ ಅಂಟಿಕೊಂಡವನಿಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ದೊಡ್ಡ ಬಂಚಿನ, ಅಂದರೆ ಸವಾರರ ಗುಂಪಿನ, ನಡುವೆ ಹುದುಗಿದವನಿಗೆ ಇನ್ನೂ ಹೆಚ್ಚು. ಈ ಆಟದ ಸ್ನೇಹ, ದ್ರೋಹ, ಲೆಕ್ಕಾಚಾರಗಳೆಲ್ಲ ಈ ಉಳಿತಾಯದಿಂದಲೇ ಹುಟ್ಟುತ್ತವೆ. ಎದುರಾಳಿಯ ಬೆನ್ನಿನ ಮರೆಯಲ್ಲಿ ಐವತ್ತು ಕಿಲೋಮೀಟರ್ ಬಂದು ಕೊನೆಯ ಇನ್ನೂರು ಮೀಟರಿನಲ್ಲಿ ಅವನನ್ನೇ ಹಿಂದೆ ಹಾಕುವುದು ಇಲ್ಲಿ ಮೋಸವಲ್ಲ, ಜಾಣತನ.

ಸೈಕಲ್ ಸ್ಪರ್ಧೆ ಎಂದರೆ ಬೆಟ್ಟವಿರಲೇಬೇಕು ಎಂದು ನಂಬಿದವರಿಗೆ ಸ್ಪೇನಿನ ಒಂದು ದಿನದ ಕಥೆ ಹೇಳಬೇಕು. 1935ರಲ್ಲಿ ಶುರುವಾದ ‘ವುಯೆಲ್ಟಾ ಎ ಎಸ್ಪಾನ್ಯಾ’ ಮೂರು ವಾರ ನಡೆಯುವ ಸ್ಪರ್ಧೆ. ಅದರ ಹೆಸರು ಎತ್ತಿದ ಕೂಡಲೇ ಎಲ್ಲರೂ ಹೇಳುವುದು ಆಂಗ್ಲಿರು ಏರಿನ ಮಾತು: 12 ಕಿ.ಮೀ.ಗೂ ಉದ್ದದ ದಾರಿ, ಕೆಲವೆಡೆ ನೂರು ಮೀಟರಿಗೆ 23 ಮೀಟರ್ ಏರಿಕೆ. ಆದರೆ 2019ರ ಸ್ಪರ್ಧೆಯ 17ನೇ ಹಂತ ಅರಾಂಡಾ ದೆ ದುಯೆರೊದಿಂದ ಗ್ವಾದಲಹಾರಾಕ್ಕೆ, ಬಯಲು ಪ್ರಸ್ಥಭೂಮಿಯ ಮೇಲೆ ಸುಮಾರು 220 ಕಿ.ಮೀ. ಅಡ್ಡಗಾಳಿ ಎದ್ದಿತು. ಬಂಚು ತುಂಡುತುಂಡಾಯಿತು. ಫಿಲಿಪ್ ಜಿಲ್ಬರ್ ತಾಸಿಗೆ 50 ಕಿ.ಮೀ.ಗೂ ಮೀರಿದ ಸರಾಸರಿಯಲ್ಲಿ ಗೆದ್ದರು. ಬೆಟ್ಟ ಏರುವುದರಲ್ಲಿ ಹೆಸರಾದ ಕೊಲಂಬಿಯಾದ ನೈರೊ ಕಿಂಟಾನಾ, ಸ್ಪರ್ಧೆಯಲ್ಲಿ ಮುಂದಿದ್ದ ರೋಗ್ಲಿಚ್‌ರಿಂದ ಐದು ನಿಮಿಷಕ್ಕೂ ಹೆಚ್ಚು ಸಮಯ ಕಸಿದದ್ದು ಒಂದೂ ದೊಡ್ಡ ಬೆಟ್ಟವಿಲ್ಲದ ಆ ದಿನವೇ. ಅರಾಂಡಾದ ಸುತ್ತ ದ್ರಾಕ್ಷಿ ತೋಟಗಳು, ಮರ ಕಡಿಮೆಯ ಬಯಲು, ದೂರದೂರಕ್ಕೆ ಸಣ್ಣ ಹಳ್ಳಿಗಳು. ಟಿವಿಯಲ್ಲಿ ಆ ಹಂತ ನೋಡಿದ, ವಿಜಯಪುರದ ಹತ್ತಿರದ ತಿಕೋಟಾದವನಿಗೆ ಅದು ಪರದೇಶ ಅನ್ನಿಸಲಿಕ್ಕಿಲ್ಲ.

ಅಡ್ಡಗಾಳಿ ಬಂಚನ್ನು ಒಡೆಯುವ ಬಗೆಯನ್ನು ಮಾತಲ್ಲಿ ವಿವರಿಸುವುದಕ್ಕಿಂತ ರಸ್ತೆಯ ಮೇಲೆ ತೋರಿಸುವುದು ಸುಲಭ. ಅದಕ್ಕೆ ವಿಜಯಪುರ–ತಿಕೋಟಾ–ಬಬಲೇಶ್ವರದ ತ್ರಿಕೋನಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಒಟ್ಟು ಎಪ್ಪತ್ತು ಕಿ.ಮೀ. ಆಸುಪಾಸು. ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆ ಕೈಕೊಟ್ಟರೂ ಪಡುವಣ ಗಾಳಿ ಕೈಕೊಡದ ದಿನಗಳಲ್ಲಿ ಈ ಮೂರು ಬಾಹುಗಳು ಮೂರು ಬೇರೆ ಬೇರೆ ಆಟ ತೋರಿಸುತ್ತವೆ.

ಮೊದಲನೆಯದು ಅಥಣಿ ರಸ್ತೆ, ನೇರ ಪಶ್ಚಿಮಕ್ಕೆ, ತಿಕೋಟಾವರೆಗೆ ಸುಮಾರು 20 ಕಿ.ಮೀ. ಊರು ದಾಟಿ ತೊರವಿ ಬರುವಷ್ಟರಲ್ಲಿ ಕಾಲು ಭಾರವಾಗತೊಡಗುತ್ತದೆ. ಕಣ್ಣಿಗೆ ರಸ್ತೆ ಮಟ್ಟಸ. ಆದರೆ ಆದಿಲ್‌ಶಾಹಿಗಳು ತೊರವಿ ಕಡೆಯಿಂದಲೇ ಸುರಂಗ ಕಾಲುವೆಯಲ್ಲಿ ನಗರಕ್ಕೆ ನೀರು ಹರಿಸಿದ್ದರು ಎಂಬುದನ್ನು ನೆನೆದರೆ, ದಾರಿ ಏರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೇಲಿಂದ ಎದುರುಗಾಳಿ. ತಾಸಿಗೆ 20 ಕಿ.ಮೀ. ಗಾಳಿಗೆ ಎದುರಾಗಿ 20ರಲ್ಲಿ ಹೋದರೂ ಎದೆಗೆ ಬಡಿಯುವುದು 40ರ ಗಾಳಿ. ಇಲ್ಲಿ ನೋಡಬೇಕಾದದ್ದು ಮುಂದಾಳಿನ ಮೊಣಕೈ. ತನ್ನ ಸರದಿ ಮುಗಿದಾಗ ಅವನು ಮೊಣಕೈಯನ್ನು ಸಣ್ಣಗೆ ಹೊರಕ್ಕೆ ಕುಣಿಸಿ, ಪಕ್ಕಕ್ಕೆ ಸರಿದು, ಸಾಲಿನ ತುದಿಗೆ ಜಾರುತ್ತಾನೆ. ಎರಡನೆಯವನು ವೇಗ ಏರಿಸದೆ, ಇಳಿಸದೆ ಮುಂದಾಳಾಗುತ್ತಾನೆ. ಪಳಗಿದ ತಂಡದಲ್ಲಿ ಈ ಅದಲುಬದಲು ಕಣ್ಣಿಗೆ ಬೀಳುವುದೇ ಇಲ್ಲ. ಎಳಬರ ತಂಡದಲ್ಲಿ ಹೊಸ ಮುಂದಾಳು ಹುರುಪಿನಿಂದ ಜಿಗಿಯುತ್ತಾನೆ, ಹಿಂದೆ ಸಾಲು ರಬ್ಬರಿನಂತೆ ಎಳೆದುಕೊಳ್ಳುತ್ತದೆ.

ಎರಡನೆಯ ಬಾಹು ತಿಕೋಟಾದಿಂದ ದಕ್ಷಿಣಕ್ಕೆ, ಬಬಲೇಶ್ವರದ ಕಡೆಗೆ. ರಸಿಕನಾಗಬೇಕೆಂದವನು ನಿಲ್ಲಬೇಕಾದದ್ದು ಈ ದಾರಿಯಲ್ಲಿಯೇ. ದಕ್ಷಿಣಕ್ಕೆ ಹೊರಳಿದೊಡನೆ ಪಡುವಣ ಗಾಳಿ ಬಲಗಡೆಯಿಂದ ಅಡ್ಡ ಹೊಡೆಯುತ್ತದೆ. ಈಗ ನೇರ ಹಿಂದೆ ಹೋದರೆ ಮರೆ ಸಿಗದು. ಮುಂದಿನವನ ಎಡಕ್ಕೆ, ತುಸು ಹಿಂದೆ ಸರಿಯಬೇಕು. ಅವನ ಹಿಂದಿನವನು ಇನ್ನೂ ಎಡಕ್ಕೆ. ಹೀಗೆ ರಸ್ತೆಯ ಬಲ ಅಂಚಿನಿಂದ ಎಡ ಅಂಚಿಗೆ ಓರೆಯಾದ ಒಂದು ಸಾಲು ಮೂಡುತ್ತದೆ. ರಸ್ತೆಯ ಅಗಲದಲ್ಲಿ ಹಿಡಿಯುವುದು ಏಳೆಂಟು ಜನ. ಒಂಬತ್ತನೆಯವನಿಗೆ ಜಾಗವಿಲ್ಲ. ಅವನೂ ಅವನ ಹಿಂದಿನವರೂ ಎಡಗಡೆಯ ಅಂಚಿನಲ್ಲಿ, ಕಡಿ ಎದ್ದ ಡಾಂಬರಿನ ತುದಿಯಲ್ಲಿ, ಮರೆಯೇ ಇಲ್ಲದೆ ಒಬ್ಬರ ಹಿಂದೊಬ್ಬರು ಜೋತು ಬೀಳುತ್ತಾರೆ. ಮುಂದಿನ ಎಂಟು ಜನ ಮಾತನಾಡಿಕೊಂಡು ವೇಗ ಏರಿಸಿದರೆ ಕೆಲವೇ ನಿಮಿಷಗಳಲ್ಲಿ ಹಿಂದಿನವರ ಕಥೆ ಮುಗಿಯಿತು. ಚುರುಕಿನ ಸವಾರ ತಿರುವು ಬರುವ ಒಂದು ಕಿಲೋಮೀಟರ್ ಮೊದಲೇ ಭುಜ ತಾಗಿಸಿ ಮುಂದಿನ ಎಂಟರೊಳಗೆ ನುಗ್ಗಿರುತ್ತಾನೆ. ಆ ನುಗ್ಗಾಟ ನೋಡಿದವನಿಗೆ ಫಲಿತಾಂಶದ ಅರ್ಧ ಅಲ್ಲಿಯೇ ಗೊತ್ತಾಗುತ್ತದೆ. (ಓರೆ ಸಾಲು ಕಟ್ಟುವುದು ರಸ್ತೆ ಬಂದ್ ಮಾಡಿದ ಸ್ಪರ್ಧೆಯಲ್ಲಿ ಮಾತ್ರ. ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ಹಾಡು ಹಚ್ಚಿಕೊಂಡು ಬರುವ ರಸ್ತೆಯಲ್ಲಿ ಬಲ ಅಂಚು ಹಿಡಿಯುವ ಹುಚ್ಚು ಯಾರಿಗೂ ಬೇಡ.)

ಈ ಸೀಮೆಯ ಏರಿಳಿತವನ್ನು ಸವಾರಿಯಲ್ಲಿ ಮಣ್ಣಿನ ಬಣ್ಣದಿಂದಲೇ ಗುರುತಿಸಬಹುದು. ದಿಬ್ಬದ ನೆತ್ತಿಯಲ್ಲಿ ಕಲ್ಲು ಮಡ್ಡಿ. ಅಲ್ಲೀಗ ದ್ರಾಕ್ಷಿ ಪಡಗಳು, ಹಸಿರು ಬಲೆ ಇಳಿಬಿಟ್ಟ ಮಣೂಕದ (ಒಣದ್ರಾಕ್ಷಿಯ) ಶೆಡ್ಡುಗಳು. ತಗ್ಗಿನಲ್ಲಿ ಎರೆಭೂಮಿ, ಬಿಳಿಜೋಳ. ಎರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ತಗ್ಗಿನ ರಸ್ತೆ ಅಲೆಅಲೆಯಾಗಿರುತ್ತದೆ; ಮಡ್ಡಿಯ ಮೇಲೆ ಡಾಂಬರು ನೆಟ್ಟಗೆ ಕೂತಿರುತ್ತದೆ. ಆದ್ದರಿಂದ ಏರುವಾಗಿನ ಕಷ್ಟಕ್ಕೆ ನೆತ್ತಿಯಲ್ಲಿ ಒಳ್ಳೆಯ ರಸ್ತೆಯ ಪರಿಹಾರವಿದೆ, ಇಳಿಯುವಾಗಿನ ಸುಖಕ್ಕೆ ಬುಡದಲ್ಲಿ ಕುಲುಕಾಟದ ದಂಡವಿದೆ.

ಮೂರನೆಯದು ಬಬಲೇಶ್ವರದಿಂದ ಸಾರವಾಡದ ಮೇಲೆ ವಿಜಯಪುರಕ್ಕೆ, ಈಶಾನ್ಯ ದಿಕ್ಕು, ಸುಮಾರು 25 ಕಿ.ಮೀ. ಗಾಳಿ ಬೆನ್ನಿಗೆ. ಇಲ್ಲಿ ಎಲ್ಲರೂ ಶೂರರೇ, ಹಾಗಾಗಿ ತಪ್ಪಿಸಿಕೊಂಡು ಹೋಗುವುದು ಕಷ್ಟ. ಸಾರವಾಡದ ಹತ್ತಿರ ಡೋಣಿ ನದಿಯ ಸೇತುವೆಗೆ ಇಳಿದು ಮತ್ತೆ ಏರುವ ತಾವೊಂದೇ ದಾಳಿಗೆ ಯೋಗ್ಯ. ಉಪ್ಪುನೀರಿನ ಈ ನದಿ ದೊಡ್ಡ ಮಳೆಯಲ್ಲಿ ಸೇತುವೆಯ ಮೇಲೇ ಹರಿಯುವುದೂ ಉಂಟು. ಅಂಥ ದಿನ ಸವಾರಿ ಬಬಲೇಶ್ವರದ ಚಹಾದಂಗಡಿಯಲ್ಲಿಯೇ ಮುಗಿಯುತ್ತದೆ.

ಟೈಮ್ ಟ್ರಯಲ್ ನೋಡುವ ಬಗೆ ಇದಕ್ಕಿಂತ ತೀರ ಬೇರೆ. ಸವಾರರು ಒಂದೋ ಎರಡೋ ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ, ಮರೆ ಹಿಡಿಯುವಂತಿಲ್ಲ. ಇಲ್ಲಿ ಸೊಂಟ ಮತ್ತು ತಲೆಯನ್ನು ಗಮನಿಸಬೇಕು. ದಣಿದವನ ತಲೆ ಮೇಲೇಳುತ್ತದೆ, ಸೊಂಟ ಸೀಟಿನ ಮೇಲೆ ಅತ್ತಿತ್ತ ಜಾರುತ್ತದೆ. ಗಡಿಯಾರ ಇಲ್ಲದೆಯೂ ಯಾರು ಸೋಲುತ್ತಿದ್ದಾರೆಂದು ಹೇಳಬಹುದು.

ಇನ್ನು ತಾವೇ ಸೈಕಲ್ ಹತ್ತುವವರಿಗೆ. ದುಬಾರಿ ಸೈಕಲ್ಲಿನ ಮಾತು ಆಮೇಲೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಕೂಡದು, ಎರಡು ಕೆ.ಜಿ. ಹೆಚ್ಚಿದ್ದರೆ ಈ ಬಯಲಲ್ಲಿ ಅಂಥ ನಷ್ಟವೇನೂ ಇಲ್ಲ, ಹ್ಯಾಂಡಲ್ ಮೇಲೆ ಮೈ ಬಗ್ಗಿಸುವುದನ್ನು ಕಲಿತರೆ ಲಾಭ ಅದಕ್ಕಿಂತ ಹೆಚ್ಚು. ಬೇಕೇಬೇಕಾದದ್ದು ಎರಡು ಟ್ಯೂಬು ಮತ್ತು ಪಂಪು. ಹೊಲಕ್ಕೆ ಬೇಲಿ ಹಚ್ಚಲು ಜಾಲಿಕಂಟಿ ಹೇರಿಕೊಂಡು ಹೋದ ಬಂಡಿಯ ಹಿಂದೆ ರಸ್ತೆಯುದ್ದಕ್ಕೂ ಮುಳ್ಳು ಉದುರಿರುತ್ತದೆ, ತೆಳು ಟಯರಿಗೆ ಅಷ್ಟು ಸಾಕು. ರಾಶಿಯ ಕಾಲದಲ್ಲಿ ತೊಗರಿ, ಕಡಲೆ, ಹುರುಳಿಯನ್ನು ಡಾಂಬರಿನ ಮೇಲೆಯೇ ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ದಂಟು, ಬಳ್ಳಿ ಗೇರಿಗೆ ಸುತ್ತಿಕೊಂಡರೆ ಗೇರ್ ತೂಗುವ ಕೊಂಡಿಯೇ ಮುರಿಯುತ್ತದೆ. ಇಳಿದು, ಹೊಲದವರಿಗೆ ‘ನಮಸ್ಕಾರ್ರಿ ಯಜಮಾನ್ರ’ ಎಂದು, ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗುವುದೇ ಲೇಸು. ಊಟಕ್ಕೆ ವಿದೇಶಿ ಜೆಲ್ ಹುಡುಕಬೇಕಿಲ್ಲ. ನೂರು ಗ್ರಾಂ ಮಣೂಕದಲ್ಲಿ ಮುನ್ನೂರು ಕ್ಯಾಲೊರಿಯ ಹತ್ತಿರ ಶಕ್ತಿಯಿದೆ, ಜೇಬಲ್ಲಿ ಕರಗುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು.

ಚಳಿಗಾಲದಲ್ಲಿ ಗಾಳಿ ಮೂಡಣಕ್ಕೆ ತಿರುಗಿದಾಗ ಸುತ್ತನ್ನು ಉಲ್ಟಾ ಹೊಡೆಯುವವರೂ ಇದ್ದಾರೆ: ಮೊದಲು ಬಬಲೇಶ್ವರ, ಆಮೇಲೆ ತಿಕೋಟಾ, ಕೊನೆಗೆ ಅಥಣಿ ರಸ್ತೆಯಲ್ಲಿ ಎದುರುಗಾಳಿ ತಿನ್ನುತ್ತ ಊರಿಗೆ. ಹೊಸಬರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ತಾಲೀಮಿನ ಹುಡುಗರಿಗೆ ಮಾತ್ರ, ದಣಿದ ಕಾಲಲ್ಲಿ ಗಾಳಿ ಎದುರಿಸುವುದನ್ನು ಕಲಿಯಲು ಇದೇ ಬೇಕು.