ನೂರು ಮೀಟರು ಯಾವ ಕಲ್ಲಿನಿಂದ?

ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಈ ಸಲ ಬರೆಯುವುದಿಲ್ಲ, ಕಾರಣ ಓದುತ್ತಾ ಹೋದಂತೆ ಗೊತ್ತಾಗುತ್ತದೆ. ಆರು ವರ್ಷದ ಹಿಂದೆ ಅಲ್ಲಿ ಒಂದು ಮನೆಯ ಹಿತ್ತಿಲ ಗೋಡೆಯಲ್ಲಿ ಶಾಸನದ ತುಂಡೊಂದನ್ನು ನೋಡಿದ್ದೆ. ಕಲ್ಲನ್ನು ಅಡ್ಡ ಮಲಗಿಸಿ ಗೋಡೆಗೆ ಸೇರಿಸಿದ್ದರು. ಪಕ್ಕದಲ್ಲೇ ಹಳೇ ಹುಣಸೆಮರ, ಅದರ ಬೇರು ಗೋಡೆಯ ಕಲ್ಲುಗಳ ನಡುವೆ ಹೊಕ್ಕಿತ್ತು. ಕಾಣುತ್ತಿದ್ದದ್ದು ಐದು ಸಾಲು, ಅಕ್ಷರದ ಬಗೆ ನೋಡಿದರೆ ವಿಜಯನಗರ ಕಾಲದ್ದು. ಮೂಡಲು, ಹುಣಿಸೆ, ಮನೆ ಎಂಬ ಮೂರು ಪದ ಮಾತ್ರ ಧೈರ್ಯವಾಗಿ ಓದಬಹುದಿತ್ತು. ಫೋಟೋ ತೆಗೆದೆ, ಊರಿನ ಹೆಸರು, ಮ್ಯಾಪಿನ ಗುರುತು ಎಲ್ಲ ಸೇರಿಸಿ ಬರೆದು ಹಾಕಿದೆ. ಕೊನೆಗೆ ನಾವೆಲ್ಲ ಬರೆಯುವ ಆ ಸಾಲನ್ನೂ ಬರೆದೆ: ಇಲಾಖೆ ಕೂಡಲೇ ಈ ಜಾಗವನ್ನು ಸಂರಕ್ಷಿಸಬೇಕು.

ಒಂದೂವರೆ ವರ್ಷ ಬಿಟ್ಟು ಮಸಿ ಅಚ್ಚು ತೆಗೆಯುವ ಸಾಮಾನು ಹೊತ್ತುಕೊಂಡು ಹೋದೆ. ಗೋಡೆ ಇಲ್ಲ, ಮರ ಇಲ್ಲ. ಅಲ್ಲಿ ಹೊಸ ಮನೆ ಲಿಂಟಲ್ ಮಟ್ಟಕ್ಕೆ ಎದ್ದಿತ್ತು. ಮನೆಯ ಯಜಮಾನರು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

"ನೀವು ಹಾಕಿದ್ದನ್ನ ನಮ್ ಹುಡ್ಗ ಫೋನಲ್ಲಿ ನೋಡ್ದ ಸಾ. ಶಾಸನ ಇದ್ರೆ ನೂರು ಮೀಟ್ರು ಮನೆ ಕಟ್ಟಂಗಿಲ್ಲ ಅಂದ್ರು ಪ್ಯಾಟೆಲಿ. ನಮ್ ಜಾಗವೇ ನಲವತ್ತಡಿ. ಸರ್ಕಾರದ ಮನೆ ಬೇರೆ ಮಂಜೂರಾಗಿತ್ತು, ಪಾಯದ ಫೋಟೋ ಕಳಿಸಿದ್ರೆ ತಾನೇ ಮುಂದಿನ ಕಂತು? ಅದ್ಕೆ ಕಲ್ಲ ಪಾಯಕ್ಕೇ ಹಾಕ್ಬುಟ್ಟೊ."

ಆ ಕಲ್ಲಿಗೆ ನೂರು ಮೀಟರಿನ ನಿಯಮ ಅನ್ವಯವೇ ಆಗುತ್ತಿರಲಿಲ್ಲ. ಅದು ಸಂರಕ್ಷಿತ ಸ್ಮಾರಕವಲ್ಲ, ಯಾವ ಪಟ್ಟಿಯಲ್ಲೂ ಇರಲಿಲ್ಲ. ಇಲ್ಲದ ನಿಯಮದ ಹೆದರಿಕೆಗೆ ಕಲ್ಲು ಪಾಯಕ್ಕೆ ಹೋಯಿತು, ಹೆದರಿಕೆ ಹುಟ್ಟಿಸಿದ್ದು ನನ್ನ ಬರಹ. ಹೊಸ ಮನೆಗಳಿಂದ ಪರಂಪರೆ ಹಾಳಾಗುತ್ತಿದೆ ಅಂತ ನಮ್ಮಲ್ಲಿ ಯಾರಾದರೂ ಬರೆದಾಗಲೆಲ್ಲ ನನಗೆ ಆ ಲಿಂಟಲ್ ನೆನಪಾಗುತ್ತದೆ. ಅದಕ್ಕೇ ಈ ನಿಯಮವನ್ನೂ ನಮ್ಮ ಅಭ್ಯಾಸವನ್ನೂ ಒಟ್ಟಿಗೇ ಪರೀಕ್ಷೆ ಮಾಡೋಣ ಅನ್ನಿಸಿತು.

ನಿಯಮ ಇಷ್ಟು. ಕೇಂದ್ರ ಸಂರಕ್ಷಿತ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿ ಹೊಸ ಕಟ್ಟಡ ಇಲ್ಲ, ಅನುಮತಿ ಪಡೆದು ದುರಸ್ತಿ ಮಾತ್ರ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಈ ಅಳತೆ ಅದಕ್ಕೂ ಹಳೆಯದು, 1992ರ ಅಧಿಸೂಚನೆಯಲ್ಲೇ ಇತ್ತು. ದೇಶದಲ್ಲಿ ಇಂಥ ಸ್ಮಾರಕ 3,600ಕ್ಕೂ ಹೆಚ್ಚಿವೆ. ಬಯಲಲ್ಲಿ ಒಂಟಿಯಾಗಿ ನಿಂತ ಗುಡಿಗೂ, ಊರೊಳಗಿನ ಸೆರೆಮನೆಗೂ, ಕಿಲೋಮೀಟರುಗಟ್ಟಲೆ ಹೋಗುವ ಕೋಟೆಗೋಡೆಗೂ ಅದೇ ನೂರು.

ನಾನು ಎಂಜಿನಿಯರ್, ಲೆಕ್ಕ ಹಾಕದೆ ಇರೋಕೆ ಆಗಲ್ಲ. ಒಂದು ಬಿಂದುವಿನಂಥ ಸ್ಮಾರಕದ ಸುತ್ತ ನೂರು ಮೀಟರಿನ ವೃತ್ತ ಎಂದರೆ 31,416 ಚದರ ಮೀಟರ್, ಸುಮಾರು ಏಳೂಮುಕ್ಕಾಲು ಎಕರೆ. ರಸ್ತೆ ಬಿಡದೆ ಲೆಕ್ಕ ಹಾಕಿದರೆ 30×40ರ ಸೈಟು 281. ಗೋಡೆಯಾದರೆ ಕಥೆ ಬೇರೆ. ಒಂದು ಕಿಲೋಮೀಟರ್ ಗೋಡೆಯ ಎರಡೂ ಕಡೆ ನೂರು ನೂರು ಮೀಟರ್ ಎಂದರೆ ಐವತ್ತು ಎಕರೆಯ ಹತ್ತಿರ; ನಿಯಂತ್ರಿತ ವಲಯವನ್ನೂ ಸೇರಿಸಿದರೆ ಸುಮಾರು 148 ಎಕರೆ. ಈಗ ಶ್ರೀರಂಗಪಟ್ಟಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾವೇರಿಯ ನಡುವಿನ ದ್ವೀಪ, ಮೂರು ಮೈಲಿ ಉದ್ದ, ಒಂದು ಮೈಲಿ ಅಗಲ. ಪಡುವಣ ತುದಿಯಲ್ಲಿ ಕೋಟೆ, ಕೋಟೆಯೊಳಗೆ ಊರು. ರಂಗನಾಥನ ಗುಡಿ, ಜಾಮಿಯಾ ಮಸೀದಿ, ಬೇಲಿಯ ಸೆರೆಮನೆ, ಇನ್‌ಮನ್ ಸೆರೆಮನೆ, ಟಿಪ್ಪುವಿನ ದೇಹ ಸಿಕ್ಕಿದ ಜಾಗ, ಒಂದೊಂದರ ಸುತ್ತಲೂ ಒಂದೊಂದು ವೃತ್ತ, ಒಂದರ ಮೇಲೊಂದು. ಮಗನಿಗೆ ಮದುವೆಯಾಯಿತು, ಮೇಲೊಂದು ರೂಮು ಹಾಕೋಣ ಅಂದವನು ಯಾವ ವೃತ್ತದಲ್ಲಿದ್ದಾನೆ ಅಂತ ಅವನಿಗೇ ಗೊತ್ತಿರುವುದಿಲ್ಲ.

ಈ ಪಟ್ಟಿಯನ್ನೇ ಸ್ವಲ್ಪ ನಿಧಾನವಾಗಿ ಓದಿ ನೋಡಿ. ಕೋಟೆಯ ನಮೂದು "ಬಿರುಕಿನ ಬಳಿಯ ಕೋಟೆಗೋಡೆಗಳು ಮತ್ತು ಸ್ಮಾರಕಸ್ತಂಭ" ಎಂಬರ್ಥದಲ್ಲಿದೆ. ಬಿರುಕು ಎಂದರೆ 1799ರ ಮೇ 4ರಂದು ಕಂಪನಿಯ ಸೈನ್ಯ ಒಳನುಗ್ಗಿದ ಜಾಗ. ಸ್ತಂಭ ಆ ಮುತ್ತಿಗೆಯಲ್ಲಿ ಸತ್ತವರ ನೆನಪಿಗೆ 1907ರಲ್ಲಿ ನಿಲ್ಲಿಸಿದ್ದು. ಸೆರೆಮನೆಗಳಿಗೆ ಇಂಗ್ಲಿಷರ ಹೆಸರು. ಊರಿನ ಸಂರಕ್ಷಿತ ಪಟ್ಟಿಯ ಒಂದು ದೊಡ್ಡ ಪಾಲು ಆ ಯುದ್ಧದ, ಗೆದ್ದವರ ನೆನಪಿನ ಪಟ್ಟಿ. ಮುರಿದ ಗೋಡೆಗೆ ಹೆಸರು ಹಿಡಿದು ರಕ್ಷಣೆ. ನಿಂತಿರುವ ಗೋಡೆಯನ್ನು ಅಷ್ಟು ಕಾಳಜಿಯಿಂದ ಹೆಸರಿಸಿದವರಿಲ್ಲ. ಹಾಗಂತ ಬಿರುಕನ್ನು ಪಟ್ಟಿಯಿಂದ ತೆಗೆಯಿರಿ ಅನ್ನುತ್ತಿಲ್ಲ. ಯಾವುದು ಮುಖ್ಯ ಎಂಬುದನ್ನು ನೂರು ವರ್ಷದ ಹಿಂದಿನವರು ಯಾಕೆ ಹಾಗೆ ಆರಿಸಿದರು ಅಂತ ಕೇಳದೆ, ಆ ಆಯ್ಕೆಯ ಸುತ್ತ ಇವತ್ತು ನೂರು ಮೀಟರ್ ಎಳೆದಿದ್ದೇವೆ ಅನ್ನುತ್ತಿದ್ದೇನೆ ಅಷ್ಟೇ. 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ನಾವು ಕಳಿಸಿದ ಹೆಸರು "ಶ್ರೀರಂಗಪಟ್ಟಣ ದ್ವೀಪ ಪಟ್ಟಣದ ಸ್ಮಾರಕಗಳು". ಪಟ್ಟಣ ಎಂಬ ಮಾತನ್ನು ನಾವೇ ಬರೆದಿದ್ದೇವೆ. ಪಟ್ಟಣ ಅಂದಮೇಲೆ ಅಲ್ಲಿ ಜನ ಇರಬೇಕಲ್ಲ?

ಇನ್ನು ಗೋಡೆಗೆ ನಿಜವಾಗಿ ಏನು ಅಪಾಯ ಅನ್ನೋದನ್ನ ನೋಡಿ. ಕೋಟೆಗೋಡೆ ಒಂದೇ ದಿಂಡಲ್ಲ. ಎರಡು ಕಡೆ ಕಲ್ಲಿನ ಮೈ, ನಡುವೆ ಮಣ್ಣು, ಜಲ್ಲಿ, ಚೂರುಕಲ್ಲು. ಮೇಲಿನಿಂದ ಮಳೆನೀರು ಇಳಿದು ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗಿನ ಮಣ್ಣು ನೆನೆದು, ತೂಕ ಹೆಚ್ಚಿ, ಹೊರಗಿನ ಮೈಯನ್ನು ದೂಡುತ್ತದೆ. ಮೊದಲು ಉಬ್ಬುತ್ತದೆ, ಆಮೇಲೆ ಒಂದು ಮಳೆಗಾಲದಲ್ಲಿ ಕಳಚಿ ಬೀಳುತ್ತದೆ. ಬುಡದಲ್ಲಿ ಪಿಟ್ ಗುಂಡಿ ಇದ್ದರೆ, ಚರಂಡಿ ಪೈಪಿಗೆ ಜೆಸಿಬಿಯಲ್ಲಿ ಅಗೆದಿದ್ದರೆ ಇನ್ನೂ ಬೇಗ. ಇದ್ಯಾವುದನ್ನೂ ನೂರು ಮೀಟರ್ ಅಳೆಯುವುದಿಲ್ಲ. ತೊಂಬತ್ತು ಮೀಟರ್ ದೂರದಲ್ಲಿ ಒಂದು ಅಂತಸ್ತು ಏರಿಸಿದರೆ ಅಪರಾಧ, ಗೋಡೆಯ ಬುಡದಲ್ಲೇ ಇರುವ ಹಳೇ ಮನೆಯ ಬಚ್ಚಲು ನೀರು ವರ್ಷಾನುಗಟ್ಟಲೆ ಪಾಯಕ್ಕೆ ಇಳಿದರೆ ಕೇಳುವವರಿಲ್ಲ.

ಮರದ ವಿಷಯವೂ ಹಾಗೇ. ಪಟ್ಟಣದೊಳಗೆ ಮರ ಕಡಿಯೋಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಬೇಕಾದದ್ದೇ. ಆದರೆ ನಮ್ಮ ಬಳಗದಲ್ಲಿ ಗೋಡೆಯ ತಲೆ ಮೇಲೆ ಬೆಳೆದ ಅರಳಿಗಿಡದ ಫೋಟೋಗೆ ಬೀಳುವಷ್ಟು ಮೆಚ್ಚುಗೆ ಒಳ್ಳೇ ಪಾಠಾಂತರಕ್ಕೂ ಬೀಳಲ್ಲ! ಚೆಂದ ಕಾಣುತ್ತೆ, ಒಪ್ಪಿದೆ. ಅರಳಿ, ಆಲ, ಬಸರಿ ಮೂರೂ ಹಕ್ಕಿಯ ಹಿಕ್ಕೆಯಲ್ಲಿ ಬಂದು ಸಂದಿಯಲ್ಲಿ ಮೊಳೆತು, ಬೇರು ಬಲಿತ ಮೇಲೆ ಕಲ್ಲನ್ನು ಸೀಳುವಂಥವು. ಗೇಣುದ್ದ ಇರುವಾಗ ಕಿತ್ತರೆ ಗೋಡೆ ಉಳಿಯುತ್ತದೆ. ದೊಡ್ಡ ಮರವಾದ ಮೇಲೆ ಕಡಿದರೆ ಒಳಗಿನ ಬೇರು ಕೊಳೆತು ಟೊಳ್ಳಾಗಿ ಗೋಡೆಯೂ ಹೋಗುತ್ತದೆ. ಬಯಲಲ್ಲಿ ನಿಂತ ಹಳೇ ಹುಣಸೆಯೇ ಬೇರೆ, ಗೋಡೆ ಮೇಲಿನ ಅರಳಿಯೇ ಬೇರೆ. ಎರಡನ್ನೂ ಪರಂಪರೆ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದು ಸೋಮಾರಿತನ.

ಸರ್ಕಾರಕ್ಕೆ ಬೇಕಾದಾಗ ಕಲ್ಲು ಜರುಗುತ್ತದೆ ಅನ್ನೋದು ಬೇರೆ ಮಾತು. 2017ರಲ್ಲಿ ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನಮನೆಯನ್ನು, ಸಾವಿರ ಟನ್ ಆಸುಪಾಸಿನ ಕಟ್ಟಡವನ್ನು, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿದರು. ಎಂಜಿನಿಯರ್ ಆಗಿ ನನಗದು ಹಬ್ಬ. ಒಡೆಯದೆ ಸರಿಸಿದ್ದು ಒಳ್ಳೆಯದೇ ಆಯಿತು. ಮುಂದಿನ ವರ್ಷ, ಸರ್ಕಾರದ ಕಾಮಗಾರಿಗಳಿಗೆ ನಿಷೇಧಿತ ವಲಯದಲ್ಲಿ ಅವಕಾಶ ಕೊಡುವ ತಿದ್ದುಪಡಿಗೆ ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು. ಹಳಿಗೆ, ರಸ್ತೆಗೆ ದಾರಿ ಹುಡುಕುವ ಮನಸ್ಸು ಇತ್ತು. ಮೇಲಿನ ರೂಮಿಗೆ ಯಾರೂ ಹುಡುಕಲಿಲ್ಲ.

ಹುಡುಕೋಕೆ ಕಾನೂನಿನಲ್ಲೇ ಜಾಗ ಇದೆ. 2010ರ ಅದೇ ತಿದ್ದುಪಡಿ ಪ್ರತಿ ಸ್ಮಾರಕಕ್ಕೂ ಬೇರೆ ಬೇರೆ ಪಾರಂಪರಿಕ ಉಪವಿಧಿ ಬರೆಯಬೇಕು ಅನ್ನುತ್ತದೆ. ಕಿಕ್ಕೇರಿಯ ಬ್ರಹ್ಮೇಶ್ವರಕ್ಕೆ (1171ರದ್ದು) ಬೇಕಾದದ್ದೇ ಬೇರೆ, ಶ್ರೀರಂಗಪಟ್ಟಣಕ್ಕೆ ಬೇಕಾದದ್ದೇ ಬೇರೆ. ಹೊಸ ಮನೆ ಎಷ್ಟು ಎತ್ತರ, ಪಾಯ ಎಷ್ಟು ಆಳ, ನೀರು ಎತ್ತ ಹರಿಯಬೇಕು, ಅಗೆಯುವಾಗ ಯಾರು ನಿಂತು ನೋಡಬೇಕು, ಇವಿಷ್ಟು ಬರೆದರೆ ಮುಕ್ಕಾಲು ಪಾಲು ಜಗಳ ಮುಗಿಯುತ್ತದೆ. ಗೋಡೆಗೆ ತಾಗಿಕೊಂಡು ಕಟ್ಟುವವರಿಗೆ ಮಾತ್ರ ನಾನು ಇಲ್ಲ ಅನ್ನುವವನೇ. ಅಲ್ಲಿ ಬೇರೆ ಸೈಟು ಕೊಡಬೇಕು, ಬರೀ ನೋಟಿಸು ಕೊಡಬಾರದು.

ಶಾಸನ ಓದುವವರಾಗಿ ನಮಗೆ ಇದು ಹೊಸದಾಗಿ ಕಾಣಬಾರದು. ದತ್ತಿ ಶಾಸನ ತುಂಬ ಇರುವುದೇ ಮನೆ, ಮರ, ಕಲ್ಲು. ಅಗ್ರಹಾರ ಕೊಟ್ಟರೆ ವೃತ್ತಿಯ ಜೊತೆ ಮನೆಯ ನಿವೇಶನ. ಎಲ್ಲೆ ಹೇಳುವಾಗ ಮೂಡಲಿಗೆ ಆಲ, ತೆಂಕಲಿಗೆ ಹುಣಿಸೆ, ಪಡುವಲಿಗೆ ನಟ್ಟ ಕಲ್ಲು. ತೆರಿಗೆಯಲ್ಲಿ ಮನೆದೆರೆ. ಅಷ್ಟಭೋಗದಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಲ್ಲ ಪಡೆದವನಿಗೇ. (ಈಗ ನೆಲದಲ್ಲಿ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು.) ಕೋಟೆಗೋಡೆಯೂ ಅಷ್ಟೇ. ಕಳಸ್ತವಾಡಿಯ ನೂರೊಂದು ಬಸದಿ ಕೆಡವಿ ಆ ಕಲ್ಲಿನಿಂದ ತಿಮ್ಮಣ್ಣ ಕೋಟೆ ಕಟ್ಟಿಸಿದ, ಗುಡಿ ಹಿಗ್ಗಿಸಿದ ಅನ್ನುವ ಐತಿಹ್ಯವನ್ನು ರೈಸ್ ಬರೆದಿಟ್ಟಿದ್ದಾರೆ. ನೂರೊಂದು ಅನ್ನೋದನ್ನ ನಂಬದಿದ್ದರೂ ಹಳೇ ಕಲ್ಲು ಹೊಸ ಗೋಡೆಗೆ ಹೋಗುವ ರೂಢಿ ನಮ್ಮ ಯಜಮಾನರು ಕಂಡುಹಿಡಿದದ್ದಲ್ಲ ಅಂತಂತೂ ಗೊತ್ತಾಗುತ್ತದೆ.

ನಮ್ಮ ಸಂಪುಟಗಳ ಬಗ್ಗೆಯೂ ಒಂದು ಮಾತು. ರೈಸ್ ಅವರ ಮೂರನೇ ಸಂಪುಟ 1894ರದ್ದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆರನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ತಾಲ್ಲೂಕು ಸೇರಿವೆ. ಅವುಗಳ ಋಣ ನನ್ನ ಮೇಲೆ ಬಹಳ ಇದೆ, ಲಿಪಿ ಕಲಿತದ್ದೇ ಅವುಗಳಿಂದ. ಆದರೆ ಸ್ಥಳ ಹೇಳುವ ಸಾಲು ನೋಡಿ: ಊರ ಮುಂದೆ, ಇಂಥವರ ಹೊಲದಲ್ಲಿ, ಗುಡಿಯ ಬಲಕ್ಕೆ. ಹೊಲ ಲೇಔಟ್ ಆದ ಮೇಲೆ ಆ ವಿಳಾಸ ಸತ್ತಂತೆ. ಕಲ್ಲು ಯಾವ ಗೋಡೆಯಲ್ಲಿತ್ತು, ಗೋಡೆ ಯಾರದ್ದು, ಮನೆಯವರು ಏನೆಂದು ಕರೆಯುತ್ತಿದ್ದರು ಅನ್ನುವುದು ಪಾಠದ ಜೊತೆ ಬರಲೇ ಇಲ್ಲ. ನಾವು ಮ್ಯಾಪಿನ ಗುರುತು ಹಾಕಿ ಆ ಕೊರತೆ ತುಂಬಿದೆವು ಅಂದುಕೊಂಡೆವು. ಮನೆಯವರನ್ನು ಮಾತ್ರ ನಾವೂ ಬಿಟ್ಟೆವು.

ಈಗ ನಾನು ಮೊದಲು ಮನೆಯವರ ಜೊತೆ ಕೂತು ಮಾತಾಡುತ್ತೇನೆ. ಈ ಕಲ್ಲಿನಿಂದ ನಿಮ್ಮ ಸೈಟು ಹೋಗಲ್ಲ, ಕಟ್ಟುವಾಗ ಒಂದು ಫೋನು ಮಾಡಿ, ಪಕ್ಕಕ್ಕೆ ನಿಲ್ಲಿಸೋಣ ಅಂತೀನಿ. ಅವರು ಒಪ್ಪದೆ ಊರಿನ ಹೆಸರು ಹಾಕಲ್ಲ. ಇದರಿಂದ ನನ್ನ ಪಟ್ಟಿ ನಿಧಾನವಾಗಿ ಬೆಳೆಯುತ್ತಿದೆ ಅಂತ ಕೆಲವರು ಆಡಿಕೊಂಡಿದ್ದೂ ಇದೆ.

ಆ ಮನೆಗೆ ಗೃಹಪ್ರವೇಶ ಆಯಿತು, ನನ್ನನ್ನೂ ಕರೆದಿದ್ದರು. ಊಟ ಆದ ಮೇಲೆ ಹುಡುಗ ಹೊರಗೆ ಕರಕೊಂಡು ಹೋಗಿ ಕಲ್ಲಿರುವ ಜಾಗ ತೋರಿಸಿದ. ಈಶಾನ್ಯ ಮೂಲೆಯಿಂದ ಆರಡಿ, ಬರಹ ಕೆಳಮುಖ. ಹಾಕುವ ಮೊದಲು ಅವನೇ ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದನಂತೆ. ಕಳಿಸಿದ. ಸಂಜೆ ಬೆಳಕು ಓರೆಯಾಗಿ ಬಿದ್ದಿದೆ, ಗೋಡೆಯೊಳಗೆ ಹೂತಿದ್ದ ಇನ್ನೂ ಮೂರು ಸಾಲು ಕಾಣುತ್ತವೆ. ಏಳನೆಯದರಲ್ಲಿ ಮನೆ ಎಂಬುದರ ಮುಂದೆ ಒಂದು ಸಂಖ್ಯೆ ಇದೆ. ಎರಡೋ ಮೂರೋ, ಇನ್ನೂ ನಿರ್ಧಾರವಾಗಿಲ್ಲ.