ಖಳನಿಗೂ ಒಂದು ಅರ್ಥ ಬೇಕು

ಮೊನ್ನೆ ಭಾನುವಾರ ಉಜಿರೆಯಲ್ಲಿ ಮಳೆ ಬಿಡಲೇ ಇಲ್ಲ. ಮಧ್ಯಾಹ್ನಕ್ಕೆ ಕರೆಂಟೂ ಹೋಯಿತು. ರೂಮಿನಲ್ಲಿದ್ದ ನಾವು ನಾಲ್ವರು ಮಾಡಲು ಬೇರೆ ಕೆಲಸವಿಲ್ಲದೆ ಒಂದು ಜಗಳಕ್ಕೆ ಕೂತೆವು: ಗೂಢಚಾರಿ ಸಿನಿಮಾಗಳ ಅತ್ಯುತ್ತಮ ಖಳ ಯಾರು, ಅತಿ ಕಳಪೆ ಖಳ ಯಾರು? ಒಬ್ಬ ಗೋಲ್ಡ್‌ಫಿಂಗರ್ ಎಂದ. ಇನ್ನೊಬ್ಬ 'ಸ್ಕೈಫಾಲ್'ನ ಸಿಲ್ವಾ ಎಂದ. ಬ್ಲೋಫೆಲ್ಡ್ ಎರಡೂ ಪಟ್ಟಿಯಲ್ಲಿ ಬಂದ. ಆಗ ಮೂಲೆಯಲ್ಲಿದ್ದ ಗೆಳೆಯ ಕೇಳಿದ: "ಅದೆಲ್ಲ ಇರ್ಲಿ ಮಾರಾಯ, ನಮ್ಮ ಸಿ.ಐ.ಡಿ. 999ನ ಎದುರಿಗಿದ್ದ ವಿಲನ್ ಹೆಸರು ಒಂದು ಹೇಳಿ ನೋಡುವ."

ನಾಲ್ವರೂ ಸುಮ್ಮನಾದೆವು. ಆ ಮೌನವೇ ಈ ಬರಹಕ್ಕೆ ಕಾರಣ.

ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ಬಂದದ್ದು 1968ರಲ್ಲಿ. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಕೊನೆಗೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಪೌರಾಣಿಕ, ಸಾಮಾಜಿಕ ಪಾತ್ರಗಳ ರಾಜ್‌ಕುಮಾರ್ ಸೂಟು ತೊಟ್ಟು ಪಿಸ್ತೂಲು ಹಿಡಿದ ಖುಷಿ ಈ ನಾಲ್ಕೂ ಚಿತ್ರಗಳಲ್ಲಿದೆ. ಜಿ.ಕೆ. ವೆಂಕಟೇಶ್ ಸಂಗೀತ ಇಂದಿಗೂ ಹಳತಾಗಿಲ್ಲ. ನಾಯಕನ ನಂಬರು ನಮಗೆ ಬಾಯಿಪಾಠ. ಖಳ ಮಾತ್ರ ಮರೆತುಹೋಗಿದ್ದಾನೆ.

ಕಥೆಯಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. 'ಜೇಡರ ಬಲೆ'ಯ ಕೇಂದ್ರದಲ್ಲಿರುವುದು ಬೇರೆ ಲೋಹವನ್ನು ಚಿನ್ನವಾಗಿಸುವ ಒಂದು ಸೂತ್ರ. ಆ ಚಿತ್ರ ಬಂದ ವರ್ಷವೇ ದೇಶದಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೂ ಬಂತು. ಮನೆಯ ಚಿನ್ನದ ಲೆಕ್ಕ ಸರಕಾರಕ್ಕೆ ಬೇಕಾಗಿದ್ದ, ಕಳ್ಳಸಾಗಣೆಯ ಸುದ್ದಿ ಕರಾವಳಿಗೆ ಹೊಸತಲ್ಲದ ಕಾಲ ಅದು. ಚಿನ್ನಕ್ಕೆ ಆಸೆಪಟ್ಟ ಖಳ ಪ್ರೇಕ್ಷಕನ ನೆಂಟನೇ ಆಗಬಹುದಿತ್ತು. ಆದರೆ ಚಿತ್ರದ ಗಮನವೆಲ್ಲ ನಾಯಕನ ಚಾಲಾಕಿತನದ ಮೇಲೆ. ಖಳನಿಗೆ ಉಳಿದದ್ದು ಅಡಗುದಾಣ, ಆಳುಗಳು ಮತ್ತು ಸೋಲು.

ನಾಲ್ಕು ವರ್ಷ ಮುಂಚಿನ ಗೋಲ್ಡ್‌ಫಿಂಗರ್‌ನನ್ನು ನೋಡಿ. ಅವನದೂ ಚಿನ್ನದ ಹುಚ್ಚೇ. ಆದರೆ ಅವನು ಅಮೆರಿಕದ ಖಜಾನೆಯ ಚಿನ್ನವನ್ನು ಕದಿಯುವುದಿಲ್ಲ. ಅದಕ್ಕೆ ವಿಕಿರಣ ತಗುಲಿಸಿ ನಿರುಪಯೋಗಿ ಮಾಡಿದರೆ ತನ್ನ ಬಳಿಯಿರುವ ಚಿನ್ನದ ಬೆಲೆ ಏರುತ್ತದೆಂದು ಲೆಕ್ಕ ಹಾಕುತ್ತಾನೆ. ಕೇಳಿದ ಪ್ರೇಕ್ಷಕ ಒಂದು ಕ್ಷಣ "ಹೌದಲ್ಲ!" ಅಂದುಕೊಳ್ಳುತ್ತಾನೆ. ಖಳ ಗೆಲ್ಲುವುದು ಆ ಒಂದು ಕ್ಷಣದಲ್ಲಿ. ಬ್ಲೋಫೆಲ್ಡ್ ವಿಷಯ ಬೇರೆ. ಮುಖ ಕಾಣಿಸದೆ ಬೆಕ್ಕು ಸವರುತ್ತ ಕೂತಿದ್ದಾಗ ಅವನು ಒಂದು ವ್ಯವಸ್ಥೆಯಾಗಿದ್ದ. 2015ರ 'ಸ್ಪೆಕ್ಟರ್' ಅವನನ್ನು ಬಾಲ್ಯದ ಹೊಟ್ಟೆಕಿಚ್ಚಿನ ಸೋದರನನ್ನಾಗಿ ಮಾಡಿ ಮನೆಜಗಳಕ್ಕೆ ಇಳಿಸಿತು. ನನ್ನ ಕಳಪೆ ಪಟ್ಟಿಯಲ್ಲಿ ಆ ಬ್ಲೋಫೆಲ್ಡ್‌ಗೇ ಮೊದಲ ಸ್ಥಾನ.

ಇಷ್ಟು ಹೇಳುವಾಗ ನನ್ನ ಅಳತೆಗೋಲು ಎಲ್ಲಿಂದ ಬಂತೆಂದು ಒಪ್ಪಿಕೊಳ್ಳಬೇಕು. ಅದು ಬಂದದ್ದು ತಾಳಮದ್ದಳೆಯಿಂದ. ನಮ್ಮೂರ ಕಡೆ ಪದ್ಯದ ನಂತರದ ಮಾತಿಗೆ 'ಅರ್ಥ' ಎನ್ನುತ್ತಾರೆ. ಅಲ್ಲಿ ರಾವಣ, ಮಾಗಧ, ಕೌರವರಿಗೆ ಅರ್ಥ ಹೇಳುವವರು ಸೋಲಲೆಂದು ಕೂರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಹೇಳುವುದು, ಆ ಪ್ರಶ್ನೆಗಳಿಗೆ ಉತ್ತರಿಸಲು ಎದುರಿನ ರಾಮ ಎಷ್ಟು ತಯಾರಾಗಿ ಬರಬೇಕಿತ್ತು ಎಂಬುದನ್ನೇ. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು. ಆದರೂ ಬೆಳಗಿನವರೆಗೆ ಜನ ಕೂರುವುದು, ಸಾಯುವವನ ವಾದಕ್ಕೆ ಉತ್ತರ ಸಿಗುತ್ತದೋ ಇಲ್ಲವೋ ನೋಡಲು.

ಗೂಢಚಾರಿ ಚಿತ್ರದಲ್ಲೂ ಕೊನೆ ಮೊದಲೇ ಗೊತ್ತು. ಖಳ ನಾಯಕನನ್ನು ಕಟ್ಟಿಹಾಕಿ ತನ್ನ ಯೋಜನೆ ವಿವರಿಸುವ ದೃಶ್ಯವನ್ನು ನಾವು ಗೇಲಿ ಮಾಡುತ್ತೇವೆ, "ಗುಂಡು ಹೊಡೆಯೋದು ಬಿಟ್ಟು ಭಾಷಣ ಯಾಕೆ?" ಎಂದು. ನನಗನ್ನಿಸುವಂತೆ ಅದು ಅವನ ಅರ್ಥಗಾರಿಕೆ. ಅವನಿಗೆ ಸಿಗುವ ಒಂದೇ ಅವಕಾಶ.

2023ರ 'ಪಠಾಣ್' ಇಲ್ಲಿ ಒಳ್ಳೆಯ ಪರೀಕ್ಷೆ. ಅದರ ಖಳ ಜಿಮ್ ಒಂದು ಕಾಲದಲ್ಲಿ ದೇಶದ ಗೂಢಚಾರಿಯೇ. ಒತ್ತೆಹಣ ಕೊಡಲು ಸರಕಾರ ಒಪ್ಪದೆ, ಗರ್ಭಿಣಿ ಹೆಂಡತಿಯ ಕೊಲೆಯನ್ನು ಕಣ್ಣಾರೆ ಕಂಡವನು. 'ನಾನು ದೇಶಕ್ಕೆ ಕೊಟ್ಟೆ, ದೇಶ ನನಗೇನು ಕೊಟ್ಟಿತು' ಎಂಬ ಅವನ ಪ್ರಶ್ನೆ ಗಟ್ಟಿಯಾಗಿದೆ. ಆದರೆ ಉತ್ತರಿಸುವ ಬದಲು ಚಿತ್ರ ಅವನ ಕೈಗೆ ಒಂದು ವೈರಸ್ ಕೊಡುತ್ತದೆ. ಸಾವಿರಾರು ಜನರನ್ನು ಕೊಲ್ಲಹೊರಟವನ ಪ್ರಶ್ನೆಗೆ ಯಾರೂ ಉತ್ತರಿಸಬೇಕಿಲ್ಲವಲ್ಲ! ತಮಾಷೆಯೆಂದರೆ ಆ ವೈರಸ್‌ನ ಹೆಸರು ರಕ್ತಬೀಜ. ನಮ್ಮ 'ದೇವಿ ಮಹಾತ್ಮೆ'ಯ ರಕ್ತಬೀಜ ದೇವಿಯ ಎದುರು ನಿಂತು ಮಾತಾಡುತ್ತಾನೆ. ಸಿನಿಮಾದ ರಕ್ತಬೀಜ ಒಂದು ಸೀಸೆಯೊಳಗಿನ ರೋಗ.

ಕನ್ನಡ ಚಿತ್ರರಂಗಕ್ಕೆ ಈ ಕಲೆ ಗೊತ್ತಿರಲಿಲ್ಲವೇ? 1958ರ 'ಭೂಕೈಲಾಸ'ದಲ್ಲಿ ರಾಜ್‌ಕುಮಾರರೇ ರಾವಣ. 1977ರ 'ಬಭ್ರುವಾಹನ'ದಲ್ಲಿ ಅಪ್ಪ-ಮಗನಾಗಿ ಎದುರುಬದುರು ನಿಂತು ವಾದಿಸಿದವರೂ ಅವರೇ. ಇಬ್ಬರ ಮಾತೂ ಸರಿ ಅನ್ನಿಸುವಂಥ ಜಗಳ ಅದು. 'ಸಂಪತ್ತಿಗೆ ಸವಾಲ್' ಚಿತ್ರದ ವಜ್ರಮುನಿಯ ಸಾಹುಕಾರ ಸಿದ್ದಪ್ಪನೂ ನೆನಪಿದ್ದಾನೆ, ಏಕೆಂದರೆ ಅಂಥವನೊಬ್ಬ ನಮ್ಮ ಊರಲ್ಲೂ ಇದ್ದ. ಪುರಾಣದ ವೈರಿಗೆ, ಊರಿನ ವೈರಿಗೆ ಮಾತು ಕೊಟ್ಟ ನಾವು ದೇಶದ ವೈರಿಗೆ ಮಾತ್ರ ಬಾಯಿ ಕೊಡಲಿಲ್ಲ.

ಇದು ಬರೀ ಮನರಂಜನೆಯ ಪ್ರಶ್ನೆ ಅಂತ ನನಗನ್ನಿಸುವುದಿಲ್ಲ. ಗೂಢಚಾರಿ ಸಿನಿಮಾ ನಮಗೆ ಶತ್ರುವನ್ನು ಕಲ್ಪಿಸಿಕೊಳ್ಳಲು ಕಲಿಸುತ್ತದೆ. ಶತ್ರುವಿಗೆ ಕಾರಣಗಳೇ ಇರುವುದಿಲ್ಲ ಎಂದು ಕಲಿತವರು, ತಮ್ಮನ್ನು ಒಪ್ಪದ ಪ್ರತಿಯೊಬ್ಬನಿಗೂ ಕಾರಣಗಳಿಲ್ಲವೆಂದು ನಂಬಿಬಿಡುವುದು ಸುಲಭ. ಖಳನ ಮಾತು ಕೇಳುವುದೆಂದರೆ ಅವನನ್ನು ಒಪ್ಪುವುದಲ್ಲ. ಹಾಗಿದ್ದರೆ ಕರಾವಳಿಯ ಮುದುಕರೆಲ್ಲ ಯಾವತ್ತೋ ರಾವಣನ ಪಕ್ಷ ಸೇರಿರುತ್ತಿದ್ದರು.

ಸಂಜೆ ಕರೆಂಟು ಬಂತು. ನಮ್ಮ ಪಟ್ಟಿ ಮಾತ್ರ ಮುಗಿಯಲಿಲ್ಲ. ಅತ್ಯುತ್ತಮ ಖಳನ ಜಾಗಕ್ಕೆ ನಾನು ಸಿಲ್ವಾನ ಹೆಸರು ಬರೆದೆ. ತನ್ನನ್ನು ಬಲಿಕೊಟ್ಟ ಮೇಲಧಿಕಾರಿಯನ್ನು ಅವನು ಕೇಳಿದ ಲೆಕ್ಕಕ್ಕೆ ಆ ಚಿತ್ರದಲ್ಲಿ ಯಾರ ಬಳಿಯೂ ಪೂರ್ತಿ ಉತ್ತರವಿಲ್ಲ. ಕನ್ನಡದ ಸಾಲು ಖಾಲಿ ಉಳಿಯಿತು. ಅದನ್ನು ತುಂಬುವ ಚಿತ್ರ ಬಂದ ದಿನ ಮೊದಲ ಆಟಕ್ಕೇ ಬೆಳ್ತಂಗಡಿಗೆ ಬಸ್ಸು ಹತ್ತುತ್ತೇನೆ.