ಅರ್ಥ ಬರೆಯದ ಕವಿ

ಮಳೆಗಾಲದ ನಾಲ್ಕು ತಿಂಗಳಿಗೆ, ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವ ನಮ್ಮ ಆನ್‌ಲೈನ್ ಮೇಜಿನ ಸ್ವಂತ ಸರಕನ್ನು ಹೇಗೆ ಹೊಂದಿಸಿಕೊಳ್ಳಬೇಕು, ಒಂದೇ ಕೂಟಕ್ಕೆ ಮುಗಿಯುವ ಒನ್‌ಶಾಟು ಎಷ್ಟು, ಎಷ್ಟು ಉದ್ದದ ಕ್ಯಾಂಪೇನು, ಬರೆಯುವವರು ಯಾರು, ಆಡಿಸುವವರು ಯಾರು ಎಂದು ಈ ವಾರ ಬರೆಯುವುದಾಗಿ ಹೇಳಿಯಾಗಿತ್ತು. ಕ್ಯಾಲೆಂಡರನ್ನು ಯಾರು ಬೇಕಾದರೂ ಗೀಚಬಹುದು. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ತಕರಾರೊಂದಿದೆ. ಸ್ವಂತ ಸರಕು ಎನ್ನುತ್ತೇವಲ್ಲ, ಅದರಲ್ಲಿ ಸ್ವಂತದ್ದಾಗಬೇಕಾದದ್ದು ಏನು? ಆಟ ನಡೆಸುವ ನಮ್ಮ ಡಿಎಂಗಳಲ್ಲಿ ಅರ್ಧ ಜನ ಕಥೆ ಎನ್ನುತ್ತಾರೆ, ಉಳಿದರ್ಧ ಲೋಕ ಎನ್ನುತ್ತಾರೆ. ಇಬ್ಬರೂ ತಪ್ಪು ಜಾಗದಲ್ಲಿ ಬೆವರು ಸುರಿಸುತ್ತಿದ್ದಾರೆ ಎಂಬುದು ನನ್ನ ವಾದ. ಸಾಕ್ಷಿಗಾಗಿ ಈ ಆಟ ಮೊದಲು ಪ್ರಕಟವಾದ ವಿಸ್ಕಾನ್ಸಿನ್ನಿಗೆ ಹೋಗಬೇಕಾಗಿಲ್ಲ, ಕುರ್ಲಾದ ಬಂಟರ ಸಂಘಕ್ಕೋ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೋ ಹೋದರೆ ಸಾಕು.

ತುಳುನಾಡಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ದೀಪಾವಳಿಯವರೆಗೆ ಕರಾವಳಿಯ ಕಲಾವಿದರಿಗೆ ಬಿಡುವು, ಮುಂಬಯಿಯ ಸಂಘ ಸಂಸ್ಥೆಗಳಿಗೆ ಸುಗ್ಗಿ. ಆಗ ನಡೆಯುವ ತಾಳಮದ್ದಳೆ ಕೂಟವನ್ನು ನಮ್ಮ ಮೇಜಿನ ಕಣ್ಣಿನಿಂದ ಒಮ್ಮೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಹಿಂದೆ ಭಾಗವತರು, ಮದ್ದಳೆ, ಚೆಂಡೆ. ಮುಂದೆ ಪಂಚೆ ಉಟ್ಟು ಶಾಲು ಹೊದ್ದ ನಾಲ್ಕೈದು ಮಂದಿ. ಅವರಲ್ಲೊಬ್ಬರು ಕರ್ಣ, ಒಬ್ಬರು ಶಲ್ಯ. ಆಡುವ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ, ಅರ್ಥಧಾರಿ ಆ ಪಾತ್ರವಾಗಿ ಬಾಯಿ ತೆರೆಯುತ್ತಾನೆ, ಎದುರು ಕೂತವನು ಅದಕ್ಕೆ ಅಲ್ಲೇ ಉತ್ತರ ಕಟ್ಟುತ್ತಾನೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸಿನ ಮೂರು ಕಿರುಪುಸ್ತಕಗಳ ಡಬ್ಬಿಯನ್ನು ಮಾರಾಟಕ್ಕೆ ಇಟ್ಟಾಗ ಕೂತಲ್ಲೇ ಪಾತ್ರವಾಗುವ ಈ ವಿದ್ಯೆ ಕರಾವಳಿಯಲ್ಲಿ ಹಳೆಯದಾಗಿತ್ತು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವ ಜಂಬಕ್ಕೆ ಈ ಮಾತು ಹೇಳುತ್ತಿಲ್ಲ. ದಾಳ, ಲೆಕ್ಕ, ಗುಹೆ, ನಿಧಿ, ಇವು ಅವರದೇ, ಅವರಿಗೇ ಇರಲಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಇಂಥ ಕೂಟಕ್ಕೆ ಸರಕು ಒದಗಿಸಿದವನು ಎಷ್ಟು ಬರೆದ, ಎಲ್ಲಿ ಕೈ ಬಿಟ್ಟ?

ಬರೆದದ್ದು ಪದ್ಯ ಮಾತ್ರ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿರಲಿ, ದೇವಿದಾಸನ ಕೃಷ್ಣ ಸಂಧಾನವಿರಲಿ, ಪುಸ್ತಕ ತೆರೆದರೆ ಕಾಣುವುದು ರಾಗ, ತಾಳ, ಪದ್ಯ. ಕೌರವ ಇಷ್ಟು ಕೇಳಿದ, ಕೃಷ್ಣ ಇಷ್ಟು ಹೇಳಿದ ಎಂಬ ಸಾರ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆ ನಾಲ್ಕು ಸಾಲಿನ ಮೇಲೆ ಅರ್ಧ ಗಂಟೆ ನಡೆಯುವ ಮಾತಿಗೆ ಅರ್ಥ ಎಂದು ಹೆಸರು, ಅದನ್ನು ಕವಿ ಬರೆಯಲಿಲ್ಲ. ಮೂರು ಗಂಟೆಯ ಕೂಟಕ್ಕೆ ಭಾಗವತರು ಆರಿಸಿಕೊಳ್ಳುವುದು ಇಡೀ ಪ್ರಸಂಗದ ಕೆಲವೇ ಪದ್ಯಗಳನ್ನು. ಹೀಗಾಗಿ ಒಂದೇ ಕೃಷ್ಣ ಸಂಧಾನವನ್ನು ಊರೂರಲ್ಲಿ, ವರ್ಷ ವರ್ಷವೂ ಆಡಬಹುದು. ಕೇಳುವವನೂ ಮತ್ತೆ ಬಂದು ಕೂರುತ್ತಾನೆ. ಸಂಧಾನ ಮುರಿಯುತ್ತದೆ ಎಂಬುದು ಅವನಿಗೆ ಗೊತ್ತು. ಇವತ್ತು ಯಾವ ಮಾತಿಗೆ ಮುರಿಯುತ್ತದೆ ಎಂಬುದು ಗೊತ್ತಿಲ್ಲ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ವಾಲಿವಧೆ. ಬಾಣ ನಾಟಿ ಬಿದ್ದ ವಾಲಿ ಕೇಳುವ ಪ್ರಶ್ನೆಗಳು ವಾಲ್ಮೀಕಿಯಿಂದಲೇ ಬಂದವು. ನಿನಗೆ ನಾನೇನು ಕೇಡು ಮಾಡಿದ್ದೆ? ಬೇರೊಬ್ಬನ ಜೊತೆ ಕಾದಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನನ್ನ ಮಾಂಸ ತಿನ್ನುವಂಥದ್ದಲ್ಲ, ತೊಗಲು ಉಡುವಂಥದ್ದಲ್ಲ, ಕೊಂದು ನಿನಗೇನು ಸಿಕ್ಕಿತು? ಹೆಂಡತಿಯೇ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ರಾವಣನ ಕೊರಳಿಗೆ ಹಗ್ಗ ಕಟ್ಟಿ ತರುತ್ತಿದ್ದೆನಲ್ಲ? ರಾಮನ ಉತ್ತರಕ್ಕೆ ಎರಡು ಕಾಲು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ರಾಜದಂಡನೆ ಆಗಲೇಬೇಕು ಎಂಬುದು ಒಂದು. ಮೃಗವನ್ನು ಬೇಟೆಗಾರ ಮರೆಯಿಂದ ಹೊಡೆದರೆ ದೋಷವಿಲ್ಲ ಎಂಬುದು ಇನ್ನೊಂದು. ಈ ಎರಡು ಕಾಲು ಒಟ್ಟಿಗೆ ನಿಲ್ಲುವುದಿಲ್ಲ. ವಾಲಿ ಮೃಗವಾದರೆ ಅತ್ತಿಗೆ ನಾದಿನಿಯರ ಧರ್ಮ ಅವನಿಗೆ ಅನ್ವಯಿಸದು. ಧರ್ಮ ಅನ್ವಯಿಸುವುದಾದರೆ ಅವನನ್ನು ಬೇಟೆಯಾಡುವಂತಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಹೆಸರಾದದ್ದು ಇಂಥ ಬಿರುಕಿನಲ್ಲಿ ಕೂತೇ. ಹಾಗೆಂದು ರಾಮನ ಅರ್ಥ ಹೇಳುವವನಿಗೆ ದಾರಿಯಿಲ್ಲವೆಂದಲ್ಲ. ಅವನು ಸುಗ್ರೀವನಿಗೆ ಕೊಟ್ಟ ಮಾತನ್ನು ಹಿಡಿಯಬಹುದು, ಭರತನ ಆಳ್ವಿಕೆಯನ್ನು ಹಿಡಿಯಬಹುದು, ಉತ್ತರವೇ ಇಲ್ಲದೆ ಕರುಣೆಯಿಂದ ಸಾಯುವವನ ಪಕ್ಕ ಕೂರಲೂಬಹುದು. ಪ್ರತಿ ಕೂಟದಲ್ಲೂ ವಾಲಿ ಸಾಯುತ್ತಾನೆ. ಗೆದ್ದವರು ಯಾರು ಎಂಬ ಚರ್ಚೆ ಮಾತ್ರ ಕೊನೆಯ ಲೋಕಲ್ ಹಿಡಿಯುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತಿರುತ್ತದೆ. ಸರಕು ಎಂದರೆ ಆ ಬಿರುಕು. ಕಥೆ ಅದನ್ನು ಹೊತ್ತು ತರುವ ಗಾಡಿ, ಅಷ್ಟೇ.

ಈಗ ನಮ್ಮ ಮೇಜಿನ ಇತಿಹಾಸಕ್ಕೆ ಬನ್ನಿ. ಗೈಗ್ಯಾಕ್ಸ್ ಬರೆದ ಗಡಿಕೋಟೆಯ ಸಿದ್ಧ ಸಾಹಸದ ಮಾಡ್ಯೂಲಿನಲ್ಲಿ, ಅಂದರೆ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್‌ನಲ್ಲಿ, ಕೋಟೆಯ ಜನರಿಗೆ ಹೆಸರು ಕೂಡ ಇಲ್ಲ. ಇತ್ತ ಕೋಟೆ, ಅತ್ತ ಗುಹೆಗಳು, ನಡುವೆ ಕಾಡು, ಉಳಿದದ್ದು ನಿಮಗೆ ಬಿಟ್ಟದ್ದು. 1984ರಲ್ಲಿ ಡ್ರ್ಯಾಗನ್‌ಲ್ಯಾನ್ಸ್ ಮಾಡ್ಯೂಲುಗಳ ಸರಣಿ ಬಂತು. ನಾಯಕರು ಸಿದ್ಧ, ಮಹಾಕಥೆ ಸಿದ್ಧ. ಖಳ ಅಕಾಲದಲ್ಲಿ ಸತ್ತರೆ ಅವನ ಹೆಣ ಸಿಗದಂತೆ ನೋಡಿಕೊಳ್ಳಿ, ಮುಂದಿನ ಕಂತಿಗೆ ಬೇಕಾಗುತ್ತಾನೆ ಎಂಬ ನಿಯಮವೂ ಅದರೊಳಗಿತ್ತು. ರೈಲ್‌ರೋಡಿಂಗ್ ಎಂಬ ಬೈಗುಳದ ಅರ್ಥವನ್ನು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ಸಂಜೆಯ ವಿರಾರ್ ಫಾಸ್ಟ್ ಹತ್ತಿ ಅಂಧೇರಿಯಲ್ಲಿ ಇಳಿಯುತ್ತೇನೆ ಎಂದವನ ಪಾಡು ಅದು. ಗಾಡಿ ನಿಲ್ಲುತ್ತದೆ, ಇಳಿಯಲು ಬಿಡುವವರಿಲ್ಲ. ಆ ಪಂಥದ ಮರಿಮಕ್ಕಳೇ ಇಂದಿನ ಲೋಕ ಕಟ್ಟುವವರು: ನಲವತ್ತು ಪುಟದ ವಂಶಾವಳಿ, ಏಳು ಚಂದ್ರ, ಹನ್ನೆರಡು ದೇವರು. ತಾಳಮದ್ದಳೆಯಲ್ಲೂ ಇವರ ಬಂಧುಗಳಿದ್ದಾರೆ, ಪೀಠಿಕೆ ಹಿಡಿದರೆ ಬಿಡದವರು. ಅವರ ಬಾಯಿ ಮುಚ್ಚಿಸಲು ಅಲ್ಲಿ ಭಾಗವತರಿದ್ದಾರೆ.

ದೇಸಿ ಹೋಮ್‌ಬ್ರೂ ಎಂಬ ಹೊಸ ಫ್ಯಾಷನ್ನಿನ ಲೆಕ್ಕವನ್ನೂ ಇಲ್ಲೇ ಚುಕ್ತಾ ಮಾಡಿಬಿಡೋಣ. 2022ರ ರೇಡಿಯಂಟ್ ಸಿಟಡೆಲ್ ಪುಸ್ತಕದ ಹದಿಮೂರು ಸಾಹಸಗಳಲ್ಲಿ ಮಿಮಿ ಮೊಂಡಲ್ ಬರೆದದ್ದು ಬಂಗಾಳದ ಮಣ್ಣಿನಿಂದ ಎದ್ದದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ಮರುವರ್ಷ ಜನವರಿಯಲ್ಲಿ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್‌ಗೆ ಬಂದ ಮೇಲಂತೂ ಯಾರು ಬೇಕಾದರೂ ಅವುಗಳ ಮೇಲೆ ತಮ್ಮದನ್ನು ಕಟ್ಟಿ ಅಚ್ಚು ಹಾಕಬಹುದು. ತಕರಾರಿರುವುದು ಡ್ರ್ಯಾಗನ್ನಿಗೆ ನಾಗ ಎಂದು, ಎಲ್ಫ್‌ಗೆ ಗಂಧರ್ವ ಎಂದು ನಾಮಕರಣ ಮಾಡಿ ಸ್ವಂತ ಸರಕು ಎನ್ನುವವರ ಮೇಲೆ. ಇಡ್ಲಿ ಪಾತ್ರೆಯಲ್ಲಿ ಬೇಯಿಸಿದ ಮಾತ್ರಕ್ಕೆ ಕೇಕು ಇಡ್ಲಿಯಾದೀತೇ?

ಆಕ್ಷೇಪ ಬರುವುದು ಗೊತ್ತು. ಪ್ರಸಂಗದ ಅಂತ್ಯ ಗಟ್ಟಿ, ನಮ್ಮ ಆಟದ ಅಂತ್ಯ ದಾಳದ ಕೈಯಲ್ಲಿ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ನಿಜ, ಆಟದ ಅಂತ್ಯ ತೆರೆದಿರಬಹುದು, ತೆರೆದಿದ್ದರೆ ಒಳ್ಳೆಯದೇ. ಆದರೆ ಡ್ರ್ಯಾಗನ್‌ಲ್ಯಾನ್ಸಿನ ಕಾಣದ ಹೆಣವನ್ನು ನೆನೆಸಿಕೊಳ್ಳಿ. ಅಂತ್ಯ ತೆರೆದಿದೆ ಎನ್ನುತ್ತಲೇ ಒಳಗಿಂದ ಚಿಲಕ ಹಾಕಿದ ಮಾಡ್ಯೂಲುಗಳೇ ಹೆಚ್ಚು. ವಾಲಿ ಸಾಯುತ್ತಾನೆ ಎಂದು ಪ್ರಸಂಗ ಮೊದಲೇ ಹೇಳಿಬಿಡುತ್ತದೆ, ಹಾಗಾಗಿ ಉಳಿದದ್ದೆಲ್ಲ ಆಡುವವರ ಪಾಲಿಗೆ ಬರುತ್ತದೆ. ಡಿಎಂ ಅಂತ್ಯವನ್ನು ಗಟ್ಟಿ ಮಾಡಲಿ, ಇಲ್ಲವೇ ಪೂರ್ತಿ ಬಿಡಲಿ. ಅಡಗಿಸಿಟ್ಟರೆ ಮಾತ್ರ ಮೇಜು ಕೆಡುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಶೇಣಿಯಂಥವರ ಓದೆಲ್ಲಿ, ಆಫೀಸು ಮುಗಿಸಿ ಥಾಣೆಯಲ್ಲೋ ಡೊಂಬಿವಲಿಯಲ್ಲೋ ಹೆಡ್‌ಫೋನ್ ಹಾಕಿಕೊಳ್ಳುವ ಹುಡುಗರೆಲ್ಲಿ? ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಅರ್ಧ ಉತ್ತರ ಪದ್ಯದಲ್ಲಿದೆ. ಹೊಸ ಅರ್ಥಧಾರಿಗೆ ಪದ್ಯವೇ ಊರುಗೋಲು: ಹೇಳಬೇಕಾದದ್ದು ಇಷ್ಟು ಎಂದು ಅದು ತೋರಿಸಿರುತ್ತದೆ, ನಾಲ್ಕು ಮಾತಾಡಿ ಅವನು ಕೈಮುಗಿಯಬಹುದು, ಬಲ್ಲವನು ನಲವತ್ತು ನಿಮಿಷ ಎಳೆಯಬಹುದು. ನಮ್ಮ ಹೊಸ ಆಟಗಾರನನ್ನೋ ಏನು ಮಾಡುತ್ತೀಯಾ ಎಂದು ಕೇಳಿ ಬಯಲಿನಲ್ಲಿ ನಿಲ್ಲಿಸುತ್ತೇವೆ, ಅವನು ದಾಳ ಉರುಳಿಸಿ ಪಾರಾಗುತ್ತಾನೆ.

ಆನ್‌ಲೈನ್ ಆದದ್ದರಿಂದ ಕೆಟ್ಟಿತು ಎನ್ನುವವರಿಗೂ ಒಂದು ಮಾತು. 2020ರ ಲಾಕ್‌ಡೌನಿನಲ್ಲಿ ತಾಳಮದ್ದಳೆಯೂ ಯೂಟ್ಯೂಬು, ಫೇಸ್‌ಬುಕ್ಕುಗಳಿಗೆ ಬಂತು. ಎದುರಿನ ಜನರ ನಗೆ, ನಿಟ್ಟುಸಿರು ಇಲ್ಲದೆ ಸೊರಗಿತು, ಆದರೂ ನಡೆಯಿತು. ವಾಯ್ಸ್ ಚಾನೆಲ್ಲಿನಲ್ಲಿ ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಯಾರದ್ದೂ ಕೇಳಿಸದು. ಒಬ್ಬನ ಮಾತು ಮುಗಿಯುವವರೆಗೆ ಇನ್ನೊಬ್ಬ ಕಾಯುವುದು ಅರ್ಥಗಾರಿಕೆಗೆ ಹೊಸದೇನಲ್ಲ. ಮಾತು ಮಿತಿಮೀರಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಎಂಥ ಘಟಾನುಘಟಿಯೂ ಅಲ್ಲಿಗೆ ನಿಲ್ಲಬೇಕು. ಡಿಎಂ ಕಲಿಯಬೇಕಾದದ್ದು ಇದನ್ನು. ತಾನೇ ಐದು ಎನ್‌ಪಿಸಿಗಳಾಗಿ, ಅಂದರೆ ಆಟಗಾರರದ್ದಲ್ಲದ ಪಾತ್ರಗಳಾಗಿ, ಅರ್ಥ ಹೇಳುತ್ತ ಕೂರುವ ಡಿಎಂ, ತಾಳ ಕೆಳಗಿಟ್ಟು ವೇದಿಕೆಗೆ ನುಗ್ಗಿದ ಭಾಗವತನ ಹಾಗೆ.

ಹಾಗಾದರೆ ಒಂದು ಸ್ವಂತ ಸರಕನ್ನು ಕಟ್ಟಿ ತೋರಿಸು ಎಂದರೆ, ನಮ್ಮ ಊರಿನದ್ದೇ ಒಂದು ಮಧ್ಯಾಹ್ನವನ್ನು ತೆಗೆದುಕೊಳ್ಳುತ್ತೇನೆ: 1944ರ ಏಪ್ರಿಲ್ 14, ವಿಕ್ಟೋರಿಯಾ ಡಾಕ್. ಕರಾಚಿಯ ಮಾರ್ಗವಾಗಿ ಬಂದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆ ಹತ್ತಿಯ ಬೇಲುಗಳು, ನಾರುವ ಮೀನುಗೊಬ್ಬರ, ಪೆಟ್ಟಿಗೆಗಳಲ್ಲಿ ಚಿನ್ನದ ಗಟ್ಟಿ. ಸ್ಫೋಟಕವಿದೆ ಎಂದು ಸಾರುವ ಕೆಂಪು ಬಾವುಟ ಮಾತ್ರ ಹಾರಿಸಿಲ್ಲ. ಊಟದ ಬಿಡುವಿನ ನಂತರ ಹತ್ತಿಯಿಂದ ಹೊಗೆ. ಸೇನೆಯ ಮದ್ದುಗುಂಡು ಅಧಿಕಾರಿ ಹಡಗನ್ನು ಮುಳುಗಿಸಿ ಎನ್ನುತ್ತಾನೆ. ಬಂದರಿನ ಅಧಿಕಾರಿ ಹೊರಗೆ ಎಳೆದುಬಿಡೋಣ ಎನ್ನುತ್ತಾನೆ. ಅಗ್ನಿಶಾಮಕ ದಳದವರು ನೀರು ಹಾಯಿಸುತ್ತಲೇ ಇದ್ದಾರೆ. ಕಪ್ತಾನ ತೀರ್ಮಾನಿಸುವುದಿಲ್ಲ. ಹಡಗಿನ ಮಗ್ಗುಲಿನ ಬಣ್ಣ ಬೊಬ್ಬೆಯೇಳುತ್ತದೆ. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಸುಮಾರು ಅರ್ಧ ಗಂಟೆಯಲ್ಲಿ ಎರಡನೆಯದು. ವರ್ಷಗಳ ಬಳಿಕವೂ ಹೂಳಿನಲ್ಲಿ ಚಿನ್ನದ ಗಟ್ಟಿ ಸಿಕ್ಕಿದ್ದುಂಟು, ಅಂದಿನ ನೆನಪಿಗೆ ಏಪ್ರಿಲ್ 14 ಇಂದಿಗೂ ದೇಶದ ಅಗ್ನಿಶಾಮಕ ದಿನ. ಇದರಲ್ಲಿ ಕಥೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಕುರುಕ್ಷೇತ್ರದ ಹಾಗೆ ಅಂತ್ಯ ಎಲ್ಲರಿಗೂ ಗೊತ್ತು. ಯೋಜಕ ಬರೆಯಬೇಕಾದದ್ದು ಒಂದು ಹಾಳೆ. ಯಾರ್‍ಯಾರು ಕೂರುತ್ತಾರೆ, ಯಾರು ಯಾವುದನ್ನು ಬಿಟ್ಟುಕೊಡಲಾರರು ಎಂಬುದು ಅದರ ಮೇಲ್ಭಾಗ. ಮದ್ದುಗುಂಡಿನವನಿಗೆ ಒಳಗೇನಿದೆ ಎಂದು ಗೊತ್ತು, ಹಡಗಿನ ಮೇಲೆ ಅಧಿಕಾರವಿಲ್ಲ. ಕಪ್ತಾನನಿಗೆ ಅಧಿಕಾರವಿದೆ, ಆದರೆ ಹಡಗನ್ನು ಮುಳುಗಿಸಿದ ಮೇಲೆ ಬೆಂಕಿ ತಾನಾಗಿ ಆರುವಂಥದ್ದಿತ್ತು ಎಂದು ತಿಳಿದುಬಂದರೆ ಅವನ ಬದುಕು ಮುಗಿದಂತೆ. ಬಂದರಿನವನಿಗೆ ಯುದ್ಧಕಾಲದಲ್ಲಿ ಕಿಕ್ಕಿರಿದ ಡಕ್ಕೆ. ಇವರೆಲ್ಲ ದಾಖಲೆಯಲ್ಲಿದ್ದಾರೆ. ದಾಖಲೆಯಲ್ಲಿ ಹೆಸರಿಲ್ಲದ ಒಬ್ಬನನ್ನು ನಾವೇ ಕೂರಿಸಿಕೊಳ್ಳಬೇಕು: ಮಾಲು ಇಳಿಸುವ ಕೂಲಿಗಳ ಮುಕಾದಮ. ಜನರನ್ನು ಹೊರಗೆ ಕಳುಹಿಸಿದರೆ ಆ ದಿನದ ಕೂಲಿ ಹೋಯಿತು, ಕಳುಹಿಸದಿದ್ದರೆ ಏನಾದೀತೆಂದು ಅವನಿಗೆ ಯಾರೂ ಹೇಳಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಹಾಳೆಯ ಸ್ವಂತ ಸರಕು ಅವನೊಬ್ಬನೇ.

ಹಾಳೆಯ ಕೆಳಭಾಗಕ್ಕೆ ಐದು ಪದ್ಯ, ಛಂದಸ್ಸು ಬೇಡ, ತಲಾ ಎರಡು ವಾಕ್ಯದ ಗದ್ಯವಾದರೂ ಆದೀತು. ಹಡಗು ಕಟ್ಟೆಗೆ ಬಂತು, ಹೊಗೆ ಕಂಡಿತು, ಮೂವರು ಮೂರು ಮಾತು ಹೇಳಿದರು, ಬಣ್ಣ ಬೊಬ್ಬೆಯೆದ್ದಿತು, ಗಡಿಯಾರ ನಾಲ್ಕು ದಾಟಿತು. ಡಿಎಂ ಓದಿ ಸುಮ್ಮನಾಗಲಿ. ದಾಳ ಬೇಕೆನ್ನುವವರು ನೀರಿನ ಪೈಪಿಗೆ ಉರುಳಿಸಿಕೊಳ್ಳಲಿ. ಆಮೇಲಿನ ವಾರ ಅದೇ ಹಾಳೆಯನ್ನು ಮತ್ತೆ ಆಡಿಸಿ, ಕಪ್ತಾನನಾಗಿದ್ದವನನ್ನು ಮುಕಾದಮನ ಜಾಗದಲ್ಲಿ ಕೂರಿಸಿ. ಕರ್ಣನ ಅರ್ಥ ಹೇಳಿದವರೇ ಇನ್ನೊಂದು ಊರಿನಲ್ಲಿ ಶಲ್ಯನಾಗಿ ಕೂರುವುದಿಲ್ಲವೇ? ಮೂರನೆಯ ವಾರಕ್ಕೆ ಇನ್ನೊಮ್ಮೆ ಜಾಗ ಬದಲಿಸಿ. ಮೊದಲು ಹೇಳಿದ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳು ಇಲ್ಲಿಗೆ ಹೆಚ್ಚುಕಡಿಮೆ ತುಂಬಿತು. ಜುಲೈಯದನ್ನು ಮುಂದಿನ ವಾರ ನೋಡೋಣ.